ನಾನು ಮರೆಮಾಡಿದ ಮೂರು ಪ್ರಶ್ನೆಗಳು

ಅವರ ಎಡ ಅಂಗೈ ಸದಾ ನೀಲಿಯಾಗಿರುತ್ತಿತ್ತು. ರೋಗಿಯ ಜ್ವರ, ಬಿ.ಪಿ., ಸಲೈನ್ ಹಚ್ಚಿದ ಹೊತ್ತು, ಎಲ್ಲವನ್ನೂ ಮೊದಲು ಬಾಲ್‌ಪೆನ್ನಿನಿಂದ ಅಂಗೈ ಮೇಲೆ ಗೀಚಿಕೊಂಡು ಆಮೇಲೆ ರಜಿಸ್ಟರಿಗೆ ಇಳಿಸುತ್ತಿದ್ದರು. ದಿನಕ್ಕೆ ಎಷ್ಟು ಸಲ ಸೋಪು ಹಚ್ಚಿ ತೊಳೆದರೂ ಹೆಬ್ಬೆರಳಿನ ಬುಡದಲ್ಲಿ ಹಿಂದಿನ ಅಂಕಿಗಳು ಮಸುಕಾಗಿ ಉಳಿದಿರುತ್ತಿದ್ದವು. ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ಆ ಸಣ್ಣ ಖಾಸಗಿ ದವಾಖಾನೆಯಲ್ಲಿ ಎಲ್ಲರೂ ಅವರನ್ನು ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಡಾಕ್ಟರರೂ ಹಾಗೇ ಕರೆಯುತ್ತಿದ್ದರು.

ಮದುವೆಯಾಗಿರಲಿಲ್ಲ. ದವಾಖಾನೆಯ ಮೇಲಿನ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು. ಚಹಾವನ್ನು ಬಸಿಗೆ ಸುರಿದುಕೊಂಡು ನಿಂತೇ ಕುಡಿಯುತ್ತಿದ್ದರು. ಹಾಸಿಗೆಯ ಸುತ್ತ ಮುತ್ತಿಕೊಂಡ ನೆಂಟರನ್ನು ಗದರಿಸಿ ಹೊರಗೆ ಕಳಿಸುತ್ತಿದ್ದರು. ರೋಗಿಯ ಹತ್ತಿರ ಮಾತ್ರ ಒಂದೇ ಮಾತನ್ನು ಮೂರು ರೀತಿಯಲ್ಲಿ ಕೇಳುವಷ್ಟು ತಾಳ್ಮೆ ಅವರಿಗಿತ್ತು. "ಕೇಳಿದ್ರ ಬಾಯಿ ಸವೀತೈತೇನ ತಂಗಿ?" ಎಂದು ನನಗೆ ಆಗಾಗ ಹೇಳುತ್ತಿದ್ದರು.

ನಾನು ಹೆಸರು ಬರೆಸುವ ಕೌಂಟರಿನಲ್ಲಿ ಕೂರುತ್ತಿದ್ದೆ. ಗದಗಿನಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಬಂದವಳಾದ್ದರಿಂದ ರೋಗಿಗಳ ವಿವರ ತುಂಬುವ ಫಾರ್ಮನ್ನೂ ನಾನೇ ಮಾಡಿಕೊಟ್ಟಿದ್ದೆ. ಅದರಲ್ಲಿ ಹೆಂಗಸರಿಗೆಂದೇ ಮೂರು ಪ್ರಶ್ನೆಗಳಿದ್ದವು: ಕೊನೆಯ ಮುಟ್ಟು ಯಾವಾಗ, ಈಗ ಗರ್ಭಿಣಿಯೇ, ಎಷ್ಟು ಹೆರಿಗೆಯಾಗಿವೆ. ಒಂದು ದಿನ ಕಾಲೇಜು ಹುಡುಗಿಯೊಬ್ಬಳಿಗೆ ಎರಡನೆಯ ಪ್ರಶ್ನೆ ಕೇಳಿದ್ದಕ್ಕೆ ಅವಳ ತಾಯಿ ಕೌಂಟರ್ ಗುದ್ದಿ, "ಲಗ್ನ ಆಗಲಾರದ ಹುಡಿಗಿಗೆ ಹಿಂಗ ಕೇಳ್ತೀಯೇನ? ನಿನಗ ಅಕ್ಕ ತಂಗ್ಯಾರಿಲ್ಲೇನು?" ಎಂದು ಇಡೀ ದವಾಖಾನೆ ಕೇಳುವಂತೆ ಕೂಗಿದಳು. ಡಾಕ್ಟರರು, "ಆ ತಂಟೆ ಬ್ಯಾಡವ್ವ, ಏನರ ಮಾಡು" ಎಂದರು.

ಅಂದೇ ಮಾಡಿದೆ. ವೈವಾಹಿಕ ಸ್ಥಿತಿ ಎಂಬಲ್ಲಿ ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ. ಅದರಲ್ಲಿ 'ವಿವಾಹಿತೆ' ಎಂದು ಆರಿಸಿದರೆ ಮಾತ್ರ ಆ ಮೂರು ಪ್ರಶ್ನೆಗಳು ಕಾಣಬೇಕು, 'ಅವಿವಾಹಿತೆ' ಎಂದರೆ ಮಾಯವಾಗಬೇಕು. ನಾಲ್ಕೈದು ಸಾಲು ಕೋಡ್ ಬರೆಯುವ ಕೆಲಸ. ಪರದೆಯ ಮೇಲೆ ಅವು ಮಾಯವಾಗುವುದನ್ನು ದೊಡ್ಡ ಸಿಸ್ಟರಿಗೆ ಹೆಮ್ಮೆಯಿಂದ ತೋರಿಸಿದೆ.

"ಮಷಿನ್ನಿಗೂ ನಾಚಿಕಿ ಕಲಿಸಿದಿ ಬಿಡು," ಎಂದರು. ನಗಲಿಲ್ಲ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದೆ.

ಒಂದು ತಿಂಗಳೂ ಆಗಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪುರ್ತಗೇರಿಯಿಂದ ಒಬ್ಬ ತಾಯಿ ಹತ್ತೊಂಬತ್ತು ವರ್ಷದ ಮಗಳನ್ನು ಟಂಟಂ ಗಾಡಿಯಲ್ಲಿ ಕರೆತಂದಳು. ಬೆಳಗಿನಿಂದ ಹೊಟ್ಟೆನೋವು, ಎರಡು ಸಲ ತಲೆಸುತ್ತಿ ಬಿದ್ದಿದ್ದಳು. ನಾನು ಹೆಸರು, ವಯಸ್ಸು ತುಂಬಿ ಪಟ್ಟಿಯಲ್ಲಿ 'ಅವಿವಾಹಿತೆ' ಎಂದು ಆರಿಸಿದೆ. ಮೂರೂ ಪ್ರಶ್ನೆಗಳು ಮಾಯವಾದವು. ಚೀಟಿ ಮುದ್ರಿಸಿ ಒಳಗೆ ಕಳಿಸಿದೆ. ಅಂದು ರೋಗಿಗಳ ಸಾಲು ಬಾಗಿಲಾಚೆಗೂ ಇತ್ತು. ಡಾಕ್ಟರರು ಹೊಟ್ಟೆ ಒತ್ತಿ ನೋಡಿ, ಚೀಟಿ ಓದಿ, ನೋವಿನ ಇಂಜೆಕ್ಷನ್ನೂ ಸಲೈನೂ ಬರೆದು ಮುಂದಿನ ರೋಗಿಯನ್ನು ಕರೆದರು.

ಹತ್ತು ನಿಮಿಷಕ್ಕೆ ದೊಡ್ಡ ಸಿಸ್ಟರ್ ಆ ಚೀಟಿ ಹಿಡಿದು ಕೌಂಟರಿಗೆ ಬಂದರು. ಮುಖ ಬಿಗಿದಿತ್ತು.

"ಮುಟ್ಟಿಂದು ಎಲ್ಲಿ ಬರದೀಯವ್ವ?"

"ಅವಿವಾಹಿತೆ ಅಂತ ಹಾಕಿದ್ರ ಅದು ಬರೂದಿಲ್ರೀ ಸಿಸ್ಟರ್."

"ಬರೂದಿಲ್ಲಂದ್ರ ನೀ ಕೇಳಿಲ್ಲ?"

ಇಲ್ಲವೆಂದು ತಲೆಯಾಡಿಸಿದೆ. ಅವರು ತಾಯಿಯನ್ನು ಔಷಧಿ ತರಲು ಕಳಿಸಿ, ನನ್ನ ಕೈ ಹಿಡಿದು ಒಳಗೆ ಎಳೆದೊಯ್ದರು. ಹುಡುಗಿಯ ತುಟಿಗಳು ಬಿಳಿಚಿಕೊಂಡಿದ್ದವು. ಹಣೆ ಬೆವರಿ ಕೂದಲು ಅಂಟಿತ್ತು. ಸಿಸ್ಟರ್ ಪರದೆ ಎಳೆದು, ಅವಳ ಕಿವಿಯ ಹತ್ತಿರ ಬಗ್ಗಿದರು.

"ಯವ್ವಾ, ಹೊರಗ ಆಗಿ ಎಷ್ಟು ದಿನ ಆತು? ನಿಮ್ಮವ್ವ ಇಲ್ಲಿಲ್ಲ. ನಾ ಬೈಯಾಂಗಿಲ್ಲ, ಯಾರಿಗೂ ಹೇಳಾಂಗಿಲ್ಲ. ಖರೇ ಹೇಳು."

ಹುಡುಗಿ ಕಣ್ಣು ಮುಚ್ಚಿದಳು.

"ಎರಡು ತಿಂಗಳಾತ್ರಿ."

ಸಿಸ್ಟರ್ ಓಡಿದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಡಾಕ್ಟರರು ಬಂದು ಮತ್ತೆ ನೋಡಿದರು, ಪರೀಕ್ಷೆ ಮಾಡಿಸಿದರು. ಪಿಂಡ ಗರ್ಭಚೀಲದಲ್ಲಿ ನಿಲ್ಲದೆ ಅದರ ನಾಳದಲ್ಲೇ ಬೆಳೆದು ನಾಳ ಒಡೆದಿತ್ತು, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ನಮ್ಮಲ್ಲಿ ಆಪರೇಷನ್ ಮಾಡುವಂತಿರಲಿಲ್ಲ. ಔಷಧಿ ಹಿಡಿದು ಬಂದ ತಾಯಿ ಸಿಸ್ಟರ್ ಸೆರಗು ಜಗ್ಗಿ, "ಏನಾಗೇತ್ರಿ ನನ್ನ ಮಗಳಿಗೆ?" ಎಂದು ಅಳತೊಡಗಿದಳು.

"ಹೊಟ್ಟಿಯೊಳಗ ರಕ್ತ ಸೋರಾಕತ್ತೈತಿ. ಆಪರೇಷನ್ ಆಗಬೇಕು. ಲಗೂ ಗಾಡಿ ಹತ್ತವ್ವ," ಎಂದರು ಸಿಸ್ಟರ್. ಅದಕ್ಕಿಂತ ಒಂದು ಮಾತು ಹೆಚ್ಚು ಹೇಳಲಿಲ್ಲ. ತಾವೂ ಆಂಬುಲೆನ್ಸ್ ಹತ್ತಿ ಗದಗಿಗೆ ಹೋದರು.

ನಾನು ಕೌಂಟರಿಗೆ ಬಂದು ಕೂತೆ. ಸಾಲು ಹಾಗೇ ಇತ್ತು. ಬಂದವರ ಹೆಸರು ತಪ್ಪು ತಪ್ಪಾಗಿ ಹೊಡೆದೆ. ಗಂಡಸರಿಗೂ ಮುಟ್ಟು ಯಾವಾಗ ಎಂದು ಕೇಳಿಬಿಡುತ್ತೇನೋ ಅನ್ನುವಷ್ಟು ತಲೆ ಕೆಟ್ಟಿತ್ತು. ಒಂದು ಗಂಟೆ, ಎರಡು ಗಂಟೆ, ಮೂರು ಗಂಟೆ. ಅವರ ಫೋನು ಹತ್ತಲಿಲ್ಲ. ಆ ಹುಡುಗಿ ಸತ್ತರೆ ಅದು ನಾನು ಬರೆದ ನಾಲ್ಕೈದು ಸಾಲಿನಿಂದ ಎಂದು ಗೊತ್ತಿದ್ದವರು ಇಬ್ಬರೇ, ಒಬ್ಬರು ಆಂಬುಲೆನ್ಸಿನಲ್ಲಿದ್ದರು.

ನಾಲ್ಕೂವರೆಗೆ ಫೋನು ಬಂತು. "ಉಳದಾಳ," ಎಂದರು. "ಉಂಡೇನಿಲ್ಲೋ? ಹೋಗಿ ಉಣ್ಣು." ನಾನು ಕೌಂಟರಿನ ಕೆಳಗೆ ಕೂತು ಅತ್ತೆ.

ಮರುದಿನ ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು. "ಆವತ್ತ ಆ ಕಾಲೇಜ್ ಹುಡಿಗಿ ಅವ್ವ ಬೈದಿದ್ದು ಖರೇ ಐತಿ. ಮಂದಿ ಮುಂದ ಕೇಳಿದ್ದು ತಪ್ಪು. ಕೇಳೂದ ಬಿಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ನಡಿ, ಎರಡೂ ಸರಿ ಮಾಡೂಣು." ಅಂದು ಪಟ್ಟಿಯಲ್ಲಿ ಏನೇ ಆರಿಸಿದರೂ ಮೂರೂ ಪ್ರಶ್ನೆಗಳು ಕಾಣುವಂತೆ ಮಾಡಿದೆ. ಅವರು ಕೌಂಟರಿನ ಪಕ್ಕದ ಔಷಧಿ ಕೋಣೆಯನ್ನು ಖಾಲಿ ಮಾಡಿಸಿ, ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಅಲ್ಲಿ ಕೂರಿಸಿ ಕೇಳಬೇಕೆಂದರು. ಡಾಕ್ಟರರು ತಕರಾರು ಮಾಡಲಿಲ್ಲ.

ಆಮೇಲೆ ಆರು ವರ್ಷ ಅವರ ಜೊತೆ ಕೆಲಸ ಮಾಡಿದೆ. ಕಳೆದ ವರ್ಷ ಅವರೇ ರೋಗಿಯಾಗಿ ಬಂದರು. ಹೊಟ್ಟೆಯಲ್ಲಿ ಗಡ್ಡೆ. ಹುಬ್ಬಳ್ಳಿಗೆ ಕಳಿಸುವ ಮೊದಲು ಅವರ ಫಾರ್ಮು ತುಂಬಬೇಕಿತ್ತು. 'ಅವಿವಾಹಿತೆ' ಎಂದು ಆರಿಸಿದೆ. ಪ್ರಶ್ನೆಗಳು ಹಾಗೇ ನಿಂತಿದ್ದವು. ಹೆರಿಗೆಯ ಮುಂದೆ ಸೊನ್ನೆ ಒತ್ತಲು ಹೋದೆ.

"ಕೇಳಲಾರದ ಹಾಕಬ್ಯಾಡ," ಎಂದರು.

ತಲೆಯೆತ್ತಲಾಗದೆ ಕೇಳಿದೆ. "ಎಷ್ಟು ಹೆರಿಗಿ ಆಗ್ಯಾವ್ರಿ?"

"ಒಂದು." ಕಿಟಕಿಯ ಕಡೆ ನೋಡುತ್ತಿದ್ದರು. "ಹೆಣ್ಣ ಕೂಸು. ಎರಡು ದಿನ ಇತ್ತು. ಈ ಊರಿಗೆ ಬರೂಕ್ಕಿಂತ ಮೊದಲಿನ ಮಾತು. ಇಷ್ಟು ವರ್ಷ ನನ್ನ ಯಾರೂ ಕೇಳಿಲ್ಲ ನೋಡು."

ಸೊನ್ನೆಯ ಮೇಲಿದ್ದ ಬೆರಳು ತೆಗೆದೆ. ಅವರೇ ನನ್ನ ಬೆನ್ನು ತಟ್ಟಿದರು. "ಬರಕೋ ತಂಗಿ. ನಾ ಹೋದಮ್ಯಾಲೆ ಯಾರಿಗೆ ಬೇಕಾದ್ರೂ ಹೇಳು."

ಹುಬ್ಬಳ್ಳಿಯಿಂದ ಅವರು ಮರಳಲಿಲ್ಲ. ಅವರ ಕೋಣೆಯಲ್ಲಿ ಕೂಸಿನ ಫೋಟೋ ಇರಲಿಲ್ಲ, ಒಂದು ಕುಲಾವಿಯೂ ಇರಲಿಲ್ಲ. ಆ ಕೂಸು ಹುಟ್ಟಿತ್ತೆಂಬುದಕ್ಕೆ, ನನಗೆ ತಿಳಿದಂತೆ, ಅಂದು ನಾನು ಒತ್ತಿದ ಆ ಒಂದು ಅಂಕಿ ಮಾತ್ರ ಇದೆ.