ಎಸಿ ರೂಮಿನಲ್ಲಿ ಪೊರೆ ಬಿಡದ ಹಾವು

ಪರದೇಶದ ಈ ಊರಿನಲ್ಲಿ, ಸೆಲೆಟಾರಿನ ವಿಮಾನ ದುರಸ್ತಿ ಕಂಪನಿಯೊಂದರಲ್ಲಿ ದಿವಾಕರ ತಲೆ ನೆರೆಯುವವರೆಗೆ ದುಡಿದ. ಕೊರೋನಾ ಬಂದು ವಿಮಾನಗಳು ನೆಲ ಹಿಡಿದಾಗ ಕೆಲಸ ಹೋಯಿತು. ಮುಂದೆ ವಿಮಾನಗಳೇನೋ ಮತ್ತೆ ಹಾರಿದವು, ಆದರೆ ಅವನನ್ನು ಯಾರೂ ವಾಪಸು ಕರೆಯಲಿಲ್ಲ. ಟ್ಯಾಂಪಿನೀಸಿನ ಮನೆಯಲ್ಲಿ ಕೂತೇ ಇದ್ದ. ಬೆಳಿಗ್ಗೆ ಆಫೀಸಿಗೆ ಹೋದ ಹೆಂಡತಿ ಸುನಂದಾ ಸಂಜೆ ಬಂದಾಗಲೂ ಅದೇ ಕುರ್ಚಿಯಲ್ಲಿರುವ ಗಂಡನನ್ನು ನೋಡಿ, ಏನೂ ಅನ್ನದೆ ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಆ ಮೌನ ತಡೆಯಲಾರದೆ ಉಬಿಯ ಪ್ರಾಣಿ ಆಶ್ರಯಕೇಂದ್ರವೊಂದರಲ್ಲಿ ಸಿಕ್ಕಿದ ಕೆಲಸಕ್ಕೆ ಸೇರಿಕೊಂಡ.

ಕಾರು ರಿಪೇರಿಯ ವರ್ಕ್‌ಶಾಪುಗಳ ಮೇಲಂತಸ್ತಿನಲ್ಲಿತ್ತು ಆ ಕೇಂದ್ರ. ಗೂಡು ತೊಳೆಯಬೇಕು, ನೀರಿಡಬೇಕು, ಫೋನು ಬಂದರೆ ಎತ್ತಬೇಕು. ಬಗ್ಗಿ ಬಗ್ಗಿ ಮಧ್ಯಾಹ್ನದ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಪ್ರಾಣಿಗಳ ಮೇಲೆ ಅವನಿಗೆ ವಿಶೇಷ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಬರುತ್ತಿದ್ದ, ಮಾಡುತ್ತಿದ್ದ, ಹೋಗುತ್ತಿದ್ದ.

ಒಂದು ದಿನ ಲಿಫ್ಟಿನ ಪಕ್ಕದಲ್ಲಿ ಯಾರೋ ಮುಚ್ಚಳಕ್ಕೆ ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಇಟ್ಟು ಹೋಗಿದ್ದರು. ಒಳಗೆ ಹಳೆಯ ಟವಲು, ಟವಲಿನೊಳಗೆ ಸುರುಳಿ ಸುತ್ತಿದ ಆಫ್ರಿಕಾದ ಸಣ್ಣ ಜಾತಿಯ ಹೆಬ್ಬಾವು. ಈ ಊರಿನಲ್ಲಿ ಮನೆಯಲ್ಲಿ ಹಾವು ಸಾಕುವಂತಿಲ್ಲ. ಕದ್ದು ಸಾಕಿದವರು ಭಾರವಾದಾಗ ಹೀಗೆ ತಂದಿಟ್ಟು ಹೋಗುವುದುಂಟು. ದಿವಾಕರ ಹಾವನ್ನು ಗಾಜಿನ ಪೆಟ್ಟಿಗೆಗೆ ಬಿಟ್ಟು, ನಾರುತ್ತಿದ್ದ ಟವಲನ್ನು ಕಸಕ್ಕೆ ಎಸೆದ.

ಸ್ವಲ್ಪ ದಿನಕ್ಕೆ ಹಾವಿನ ಮೈ ಬೂದಿ ಬಡಿದಂತಾಯಿತು. ಕಣ್ಣುಗಳು ಹಾಲು ಬೆರೆಸಿದ ನೀಲಿಗೆ ತಿರುಗಿದವು. ಕೇಂದ್ರದ ಪಶುವೈದ್ಯೆ ಡಾಕ್ಟರ್ ಜ್ಯೋತ್ಸ್ನಾ ಬಂದು ನೋಡಿದಳು. ಹುಬ್ಬಳ್ಳಿಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ.

“ಪೊರೆ ಬಿಡೋಕೆ ರೆಡಿ ಆಗ್ತಿದೆ ಅಂಕಲ್. ಆದ್ರೆ ಈ ರೂಮು ತುಂಬಾ ಡ್ರೈ. ಹ್ಯುಮಿಡಿಟಿ ಜಾಸ್ತಿ ಮಾಡ್ಬೇಕು, ಇಲ್ಲಾಂದ್ರೆ ಪೊರೆ ಮೈಗೇ ಅಂಟ್ಕೊಳುತ್ತೆ.”

ಕಿಟಕಿಯಾಚೆ ಒಗೆದು ಹಾಕಿದ ಬಟ್ಟೆ ಎರಡು ದಿನವಾದರೂ ಒಣಗದಂಥ ಹವೆ. ಒಳಗೆ, ಅದೇ ರೂಮಿನಲ್ಲಿದ್ದ ಮೊಲಗಳಿಗೆ ಸೆಕೆ ತಡೆಯದೆಂದು ಹಗಲೂ ರಾತ್ರಿ ಎಸಿ. ಅದು ಗಾಳಿಯ ತೇವವನ್ನೆಲ್ಲ ಹೀರಿಬಿಡುತ್ತಿತ್ತು. ಬೇರೆ ರೂಮಿಗೆ ಹಾಕೋಣವೆಂದರೆ ಬೇರೆ ರೂಮೇ ಇರಲಿಲ್ಲ. ದಿವಾಕರ ಸ್ಪ್ರೇ ಬಾಟಲಿ ಹಿಡಿದು ಹೋದಾಗ ಬಂದಾಗಲೆಲ್ಲ ನೀರು ಚಿಮುಕಿಸಿದ. ಪೆಟ್ಟಿಗೆಯಲ್ಲಿ ತೇವ ಅಳೆಯುವ ಮೀಟರಿನ ಮುಳ್ಳು ಮೇಲೇರುತ್ತಿತ್ತು, ಅವನು ಮೊಲಗಳ ಗೂಡು ತೊಳೆದು ಬರುವಷ್ಟರಲ್ಲಿ ಮತ್ತೆ ಕೆಳಗಿಳಿದಿರುತ್ತಿತ್ತು. ಹಟ ಹಿಡಿದು ಇನ್ನಷ್ಟು ಸುರಿದ. ಪೆಟ್ಟಿಗೆಯ ತಳದಲ್ಲಿ ಹಾಸಿದ್ದ ತೆಂಗಿನ ನಾರಿನ ಪುಡಿ ಕೆಸರಾಯಿತು, ಹಾವಿನ ಹೊಟ್ಟೆಯ ಮೇಲೆ ಕೆಂಪು ಕಾಣಿಸಿಕೊಂಡಿತು.

“ಒದ್ದೆ ಬೇರೆ, ತೇವ ಬೇರೆ ಅಂಕಲ್. ಗಾಳಿಲಿ ತೇವ ಇರ್ಬೇಕು, ಮಲಗೋ ಜಾಗ ಒದ್ದೆ ಇರ್ಬಾರ್ದು. ಹಂಗಾದ್ರೆ ಚರ್ಮ ಕೊಳೆಯುತ್ತೆ,” ಎಂದಳು ಜ್ಯೋತ್ಸ್ನಾ.

ಅವಳು ಹೇಳಿದಂತೆ ಪುಡಿ ಬದಲಿಸಿದ. ಜಾಲರಿಯ ಮುಚ್ಚಳವನ್ನು ಮುಕ್ಕಾಲು ಭಾಗ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಗಾಳಿಗೆ ಒಂದಿಷ್ಟು ಜಾಗ ಬಿಟ್ಟ. ಒದ್ದೆ ಪಾಚಿ ತುಂಬಿ, ಹಾವು ನುಗ್ಗುವಷ್ಟು ತೂತು ಬಿಟ್ಟು ಮುಚ್ಚಿದ ಡಬ್ಬಿಯೊಂದನ್ನೂ ಇಟ್ಟ. ಹಾವು ಅದರೊಳಗೆ ಹೋದರೆ ಸಾಕಿತ್ತು. ಅದು ಆ ಕಡೆ ತಲೆಯೂ ಹಾಕಲಿಲ್ಲ. ಕುತ್ತಿಗೆಯ ಹತ್ತಿರ ಪೊರೆ ಹಳೆಯ ಗೋಡೆಯ ಸುಣ್ಣದಂತೆ ಚಕ್ಕೆಯೆದ್ದಿತು. ಉಳಿದದ್ದು ಹಾಗೇ ಬಿಗಿದುಕೊಂಡಿತ್ತು. ಬಾಲದ ತುದಿಯಲ್ಲಿ ಅದು ಉಂಗುರದಂತೆ ಬಿಗಿದರೆ ರಕ್ತ ಓಡುವುದಿಲ್ಲ, ತುದಿಯೇ ಸತ್ತುಹೋಗುತ್ತದೆ ಎಂದು ಜ್ಯೋತ್ಸ್ನಾ ಹೇಳಿದ್ದಳು. ಕೈಯಿಂದ ಕೀಳಬೇಡಿ ಎಂದೂ ಹೇಳಿದ್ದಳು. ದಿವಾಕರ ಪೆಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಏನು ಮಾಡಿದರೂ ಸಾಲದು ಎನ್ನುವ ಈ ಆಯಾಸ ಅವನಿಗೆ ಹೊಸದೇನಾಗಿರಲಿಲ್ಲ.

ಹಾಗೆ ಕೂತಿದ್ದಾಗ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ, ಮಾತಿನ ಕೊನೆಗೆ ‘ಲಾ’ ಸೇರಿಸುವ ಈ ಊರಿನದೇ ಇಂಗ್ಲಿಷು.

“ಲಿಫ್ಟ್ ಹತ್ರ ಇಟ್ಟಿದ್ರಲ್ಲ, ಆ ಹಾವು. ಪೊರೆ ಬಿಡ್ತಾ ಅದು?”

ಯಾರೆಂದು ದಿವಾಕರನಿಗೆ ಹೊಳೆಯಿತು. “ಇಲ್ಲ ಆಂಟಿ. ಅಂಟ್ಕೊಂಡಿದೆ.”

“ಅದರ ಟವಲು ಹಾಕಿದೀರಾ? ತನ್ನ ವಾಸನೆ ಇಲ್ಲದ ಕಡೆ ಅದು ಹೋಗಲ್ಲ ಲಾ.”

ಟವಲು ಕಸಕ್ಕೆ ಹೋಯಿತೆಂದು ದಿವಾಕರ ಒಪ್ಪಿಕೊಂಡ. ಆಕೆ, ನಾಳೆ ಊಟದ ಹೊತ್ತಿಗೆ ನಿಮ್ಮ ಪಕ್ಕದ ಹಾಕರ್ ಸೆಂಟರಿಗೆ, ಆ ಊಟದಂಗಡಿಗಳ ಕಡೆ, ಬರುತ್ತೇನೆ ಎಂದಳು.

ಮಾರನೆಯ ದಿನ ತರಕಾರಿಯ ಗಾಲಿಚೀಲ ಎಳೆದುಕೊಂಡು ಬಂದ ಆ ಚೀನೀ ಮುದುಕಿ ಅವನೆದುರು ಕೂತಳು. ಅವನು ತಂದುಕೊಟ್ಟ ಕಾಫಿಯನ್ನು ಕುಡಿಯಲಿಲ್ಲ. ಹಾವನ್ನು ಸಾಕಿದ್ದು ಆಕೆಯ ಮಗ. ಅವನು ಕಾಯಿಲೆ ಬಿದ್ದು ಆಸ್ಪತ್ರೆಯಿಂದಲೇ ಹೇಳಿಕೊಡುತ್ತಿದ್ದ: ಅಮ್ಮಾ, ಕಣ್ಣು ಬೆಳ್ಳಗಾಯ್ತಾ, ಹಾಗಾದ್ರೆ ಬಟ್ಟೆ ಒದ್ದೆ ಮಾಡಿ ಹಿಂಡಿ ಹಾಕು. ಮಗ ಹೋದ. ಹಾವು ಉಳಿಯಿತು.

“ಒಂದು ಸಲಾನೂ ಮುಟ್ಟಿಲ್ಲ ನಾನು. ಭಯ. ನೀರಿನ ಬಟ್ಟಲನ್ನ ಸೌಟಿನ ಹಿಡಿಯಿಂದ ತಳ್ತಿದ್ದೆ. ಫ್ರೀಜರಲ್ಲಿ ಅದಕ್ಕೆ ಹಾಕೋ ಇಲಿ, ಪಕ್ಕದಲ್ಲೇ ನನ್ನ ಮೀನು,” ಎಂದಳು. “ಈಗ ತಂಗಿ ಮನೆಗೆ ಹೋಗ್ತಿದೀನಿ. ಹಾವನ್ನ ತರೋಕೆ ಅವಳು ಒಪ್ಪಲಿಲ್ಲ. ನನಗೂ ಸಾಕಾಗಿತ್ತು. ಸುಳ್ಳು ಹೇಳಲ್ಲ.”

ಚೀಲದಿಂದ ಪಕ್ಕಕ್ಕೆ ತೂತು ಕತ್ತರಿಸಿದ ಐಸ್‌ಕ್ರೀಮ್ ಡಬ್ಬಿ ತೆಗೆದಳು. ಒಳಗೆ ಬಣ್ಣ ಹೋದ ಟೀಶರ್ಟು. ಮಗನದು. ಹಾವು ಅದರ ಮೇಲೆಯೇ ಮಲಗುತ್ತಿತ್ತಂತೆ.

“ನನ್ನ ಹೆಸರು—” ಎಂದು ಆಕೆ ಶುರು ಮಾಡಿದಳು.

“ಬೇಡ ಆಂಟಿ. ಹೇಳಿದ್ರೆ ನಾನು ಮೇಲಿನವರಿಗೆ ಹೇಳ್ಬೇಕಾಗುತ್ತೆ.”

ಆಕೆ ಅವನನ್ನೇ ನೋಡಿ, ತಲೆಯಾಡಿಸಿ, ಚೀಲ ಎಳೆದುಕೊಂಡು ಬಸ್‌ಸ್ಟಾಪಿನ ಕಡೆ ಹೋದಳು.

ದಿವಾಕರ ಟೀಶರ್ಟನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಡಬ್ಬಿಯಲ್ಲಿ ಹರಡಿ ಒಳಗಿಟ್ಟ. ಮರುದಿನ ಬೆಳಿಗ್ಗೆ ಬಂದಾಗ ಹಾವು ಡಬ್ಬಿಯೊಳಗಿತ್ತು, ತೂತಿನಲ್ಲಿ ಮೂಗಿನ ತುದಿಯಷ್ಟೇ ಕಾಣುತ್ತಿತ್ತು. ಬಟ್ಟೆ ಆರಿದಾಗಲೆಲ್ಲ ಒದ್ದೆ ಮಾಡಿ ಹಿಂಡಿದ. ಆ ವಾರದಲ್ಲೇ ಪೊರೆ ಹೋಯಿತು. ಇಡಿಯಾಗಿ ಅಲ್ಲ, ಹರಿದು ಹರಿದು. ಬಾಲದ ಉಂಗುರ ಕಳಚಿತು. ಒಂದು ಕಣ್ಣಿನ ಮೇಲಿನ ಪೊರೆ ಮಾತ್ರ ಉಳಿದುಕೊಂಡಿತು.

“ಅದನ್ನ ಮುಟ್ಟೋದು ಬೇಡ, ಕಣ್ಣೇ ಹೋದೀತು. ಮುಂದಿನ ಸಲ ನೋಡೋಣ,” ಎಂದಳು ಜ್ಯೋತ್ಸ್ನಾ. ಡಬ್ಬಿ ಎಲ್ಲಿಂದ ಬಂತೆಂದೂ ಕೇಳಿದಳು. ದಿವಾಕರ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

“ಹೆಸರು ಕೇಳ್ಲಿಲ್ವಾ ಅಂಕಲ್? ಕೇಳ್ಬೇಕಿತ್ತು.”

“ಗೊತ್ತು. ಕೇಳ್ಲಿಲ್ಲ.”

ಅವಳು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. “ಸರಿ. ಗೊತ್ತಿಲ್ದೇ ಇರೋದನ್ನ ನಾನೇನು ರಿಪೋರ್ಟ್ ಮಾಡ್ಲಿ,” ಎಂದು ಎದ್ದುಹೋದಳು.

ಮುದುಕಿ ಇನ್ನೊಂದೇ ಸಲ ಫೋನು ಮಾಡಿದಳು. ಪೊರೆ ಬಿಟ್ಟಿತೆಂದು ದಿವಾಕರ ಹೇಳಿದಾಗ ಆಚೆ ಕಡೆಯಿಂದ ಉಸಿರು ಬಿಟ್ಟದ್ದು ಕೇಳಿಸಿತು.

“ಇನ್ನು ಫೋನ್ ಮಾಡಲ್ಲ. ಮಾಡ್ತಾ ಇದ್ರೆ ಮತ್ತೆ ನನ್ನದೇ ಆಗ್ಬಿಡುತ್ತೆ.”

ಮುಂದಿನ ಸಲ ಹಾವು ಮೂಗಿನಿಂದ ಬಾಲದವರೆಗೆ ಪೊರೆಯನ್ನು ಇಡಿಯಾಗಿ ಬಿಟ್ಟಿತು, ಕಣ್ಣಿನದೂ ಅದರೊಂದಿಗೇ ಬಂತು. ಆಕೆಗೆ ಹೇಳೋಣವೆಂದರೆ ನಂಬರಿರಲಿಲ್ಲ. ಆ ಸಂಜೆ ದಿವಾಕರ ಮನೆಗೆ ಹೋಗಿ, ಸೋಫಾದಲ್ಲಿ ಕಾಲು ಚಾಚಿ ಕೂತಿದ್ದ ಸುನಂದಾಳಿಗೆ ಎಲ್ಲವನ್ನೂ ಮೊದಲಿಂದ ಹೇಳಿದ. ಅಷ್ಟುದ್ದದ ಮಾತು ಅವರಿಬ್ಬರ ನಡುವೆ ಆಗಿ ಬಹಳ ಕಾಲವಾಗಿತ್ತು.

“ಆಯಮ್ಮಂಗೆ ಬೇರೆ ಮಕ್ಕಳಿಲ್ವಂತಾ?” ಎಂದಳು ಸುನಂದಾ.

“ಅದನ್ನೂ ಕೇಳ್ಲಿಲ್ಲ.”

“ಹೋಗ್ಲಿ ಬಿಡಿ,” ಎಂದು ಅವಳು ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಮಾಡಿದಳು.