ಟೀಚರ್ ಮೇಲೆ ಜಗಳಕ್ಕೆ ಹೋದದ್ದು

ಮಿತ್ರರೇ, ತಲೆತಗ್ಗಿಸಿ ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ಇವತ್ತು ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಆಫೀಸಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಮಗಳ ಶಾಲೆಗೆ ಹೋದೆ. ಹೊಟ್ಟೆಯಲ್ಲಿದ್ದದ್ದು ನೋವಲ್ಲ, ಬೆಂಕಿ. ನಾಲ್ಕನೇ ಕ್ಲಾಸಿನ ಹುಡುಗಿ ಗಣಿತದಲ್ಲಿ ಫೇಲು! ನೋಟ್‌ಬುಕ್ ತೆರೆದರೆ ಎಲ್ಲ ಲೆಕ್ಕಗಳೂ ಅರ್ಧಕ್ಕೇ ನಿಂತಿವೆ.

“ಇಷ್ಟು ದಿನದಿಂದ ಅರ್ಧ ಅರ್ಧ ಬರೀತಿದ್ದಾಳೆ, ನಮಗೆ ಒಂದು ಮಾತು ಹೇಳಿದ್ದುಂಟಾ ಟೀಚರ್? ಪಿಕ್‌ನಿಕ್ಕಿಗೆ ಮಾತ್ರ ನಿಮಗೆ ನಮ್ಮ ನೆನಪಾಗುವುದಾ?”

ಟೀಚರ್ ಧಾರವಾಡದ ಕಡೆಯವರು. “ಡೈರ್ಯಾಗ ಬರದೀನಲ್ರೀ ಸರ. ನೀವು ಓದಂಗಿಲ್ಲೇನು?”

ನನಗೆ ಸಿಟ್ಟು ನೆತ್ತಿಗೇರಿತು. “ನಾನು ಓದದೆ ಒಂದು ಚೀಟಿಗೂ ಸಹಿ ಹಾಕುವ ಜನ ಅಲ್ಲ, ಗೊತ್ತುಂಟಾ?” ಎಂದು ಗುಡುಗಿದೆ. ಟೀಚರನ್ನು ಕಾಣಲು ಹಿಂದೆ ಸಾಲಿನಲ್ಲಿದ್ದ ತಂದೆತಾಯಿಯರೆಲ್ಲ ಮೆಚ್ಚಿ ತಲೆಯಾಡಿಸಿದರು.

ಟೀಚರ್ ಪಕ್ಕದಲ್ಲೇ ನಿಂತಿದ್ದ ಮಗಳ ಬ್ಯಾಗಿನಿಂದ ಡೈರಿ ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ‘ಹುಡುಗಿಗೆ ಬೋರ್ಡು ಕಾಣುತ್ತಿಲ್ಲ, ದಯವಿಟ್ಟು ಕಣ್ಣು ತೋರಿಸಿ’ ಎಂದು ಮೂರು ಸಲ ಬರೆದಿದ್ದರು. ಮೂರರ ಕೆಳಗೂ ನನ್ನದೇ ಸಹಿ.

ಕೊನೆಯದರ ಪಕ್ಕದಲ್ಲಿ ನಾನು ‘ಥ್ಯಾಂಕ್ಯೂ’ ಎಂದೂ ಬರೆದಿದ್ದೆ.