ವರ್ನಾ ಸ್ಕಾರ್ ಎಡಗಣ್ಣಿಗೆ ಹೊಂದಿಸಿಕೊಂಡ ಕೋವಿ

ವರ್ನಾ ಸ್ಕಾರ್ ಕೋವಿ ಹಿಡಿದು ನನ್ನ ರಿಪೇರಿ ಅಂಗಡಿಗೆ ಬಂದದ್ದು ಸೆಪ್ಟೆಂಬರಿನ ಮೊದಲ ವಾರ. ಆ ಹೊತ್ತಿಗೆ ಅವಳು ಊರಲ್ಲಿ ಇರಬೇಕಾದವಳೇ ಅಲ್ಲ. ಐಡಹೋದ ಈ ಉತ್ತರದ ಕಾಡಿನಲ್ಲಿ ಇಪ್ಪತ್ತಾರು ಬೇಸಿಗೆ, ಗುಡ್ಡದ ನೆತ್ತಿಯ ಕಾವಲು ಗೋಪುರದಲ್ಲಿ ಒಬ್ಬಳೇ ಕೂತು ಕಾಡ್ಗಿಚ್ಚಿನ ಹೊಗೆ ಹುಡುಕಿದವಳು ಅವಳು. ಜೂನ್‌ನಲ್ಲಿ ಹತ್ತಿದರೆ ಮೊದಲ ಹಿಮ ಬೀಳುವ ತನಕ ಇಳಿಯುತ್ತಿರಲಿಲ್ಲ. ಆ ವರ್ಷ ಹತ್ತಲೇ ಇಲ್ಲ. ಕಣ್ಣಿನ ಪರೀಕ್ಷೆಯಲ್ಲಿ ಬಲಗಣ್ಣು ಕೈಕೊಟ್ಟಿತ್ತು.

ಮೇಜಿನ ಮೇಲೆ ಕೋವಿ ಇಟ್ಟಳು. ಕಂಡ ಕೂಡಲೇ ಗುರುತು ಹತ್ತಿತು. ಅದು ಡ್ವೈಟ್ ಪೆಲ್ಕಿಯ ಕಾರ್ಬೈನ್. ಅದಕ್ಕೂ ಮುಂಚೆ ಅವನಪ್ಪನದು. ಗಿಡ್ಡ ನಳಿಗೆಯ, ಲಿವರ್ ಎಳೆದು ತೋಟಾ ಏರಿಸುವ ಹಳೇ ಮಾಲು.

"ಅವನ ತಂಗಿ ಕಳಿಸಿದ್ಲು," ಅಂದಳು ವರ್ನಾ. "ನನಗೇ ಸೇರಬೇಕು ಅಂತ ಚೀಟಿ ಬರೆದಿಟ್ಟಿದ್ದನಂತೆ."

ಡ್ವೈಟ್ ಅವಳ ಎದುರಿನ ಬಾಲ್ಡಿ ಗುಡ್ಡದ ಕಾವಲುಗಾರ. ಇಬ್ಬರ ಗೋಪುರಗಳ ನಡುವೆ ಇಪ್ಪತ್ತು ಮೈಲಿ ಕಾಡು. ಹತ್ತೊಂಬತ್ತು ವರ್ಷ, ದಿನಾ ಸಂಜೆ ಆರಕ್ಕೆ ರೇಡಿಯೋದಲ್ಲಿ ವರದಿ ಒಪ್ಪಿಸಿ ಆದಮೇಲೆ ಇಬ್ಬರೂ ನಾಲ್ಕು ಮಾತಾಡುತ್ತಿದ್ದರು. ನವೆಂಬರಿನಲ್ಲಿ ಎರಡು ವಾರ ಜೊತೆಯಾಗಿ ಬೇಟೆ. ಅಷ್ಟೇ ಅವರ ಒಡನಾಟ. ಊರಿನವರು ಏನೇನೋ ಆಡಿಕೊಂಡರು. ಅವರಿಬ್ಬರೂ ಅದಕ್ಕೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಏಪ್ರಿಲ್‌ನಲ್ಲಿ, ಸೌದೆ ಒಡೆಯುತ್ತಿದ್ದವನು ಕೊಡಲಿ ಕೈಯಲ್ಲಿದ್ದಂತೆಯೇ ಕುಸಿದು ತೀರಿಕೊಂಡ.

"ಇದಕ್ಕೊಂದು ದುರ್ಬೀನು ಹಾಕಿಕೊಡು ಎಮೆಟ್. ಎಡಗಣ್ಣು ಚೆನ್ನಾಗಿದೆ, ಆದ್ರೆ ಗುರಿ ಹಿಡಿಯೋವಾಗ ತುದಿಯ ಮಣಿ, ಹಿಂದಿನ ಕಚ್ಚು ಎರಡೂ ಒಟ್ಟಿಗೆ ನಿಲ್ತಿಲ್ಲ. ಒಂದು ಕಂಡ್ರೆ ಇನ್ನೊಂದು ಮಸುಕು."

"ಅರವತ್ತು ದಾಟಿದೋರಿಗೆಲ್ಲ ಅದೇ ಗೋಳು. ಬಲಗಣ್ಣು?"

"ನಡುವೆ ತೂತು ಬಿದ್ದಿದೆ. ಈಗ ನಿನ್ನ ಮುಖ ನೋಡಿದೆ ಅನ್ನು, ಕಿವಿ ಎರಡೂ ಕಾಣುತ್ತೆ, ಮೂತಿ ಇಲ್ಲ."

"ಪುಣ್ಯವಂತೆ."

ನಗಲಿಲ್ಲ ಅವಳು. ನಾನೂ ಕೆಲಸದ ಮಾತಿಗೆ ಬಂದೆ. ಈ ಹಳೇ ಕೋವಿಗಳು ಖಾಲಿ ತೋಟಾವನ್ನು ನೆತ್ತಿಯಿಂದಲೇ ಉಗುಳುತ್ತವೆ. ದುರ್ಬೀನನ್ನು ನೇರ ಮೇಲೆ ಕೂರಿಸಿದರೆ ಉಗುಳಿದ್ದು ಅದಕ್ಕೇ ಬಡಿಯುತ್ತದೆ. ಪಕ್ಕಕ್ಕೆ ಕೂರಿಸಬೇಕು; ಅದಕ್ಕೆ ಕೋವಿಯ ಮೈಗೆ ನಾಲ್ಕು ತೂತು ಕೊರೆಯಬೇಕು.

"ತೂತು ಬೇಡ," ಅಂದಳು.

"ಸಣ್ಣ ತೂತು ವರ್ನಾ. ಆಮೇಲೆ ಸ್ಕ್ರೂ ಹಾಕಿ ಮುಚ್ಚಬಹುದು."

"ಬೇಡ ಅಂದ್ನಲ್ಲ."

ಹಾಗಾದರೆ ಇನ್ನೊಂದು ದಾರಿ: ಹಿಂದಿನ ಕಚ್ಚನ್ನು ತೆಗೆದು, ಅದು ಕೂತಿದ್ದ ತೋಡಿನಲ್ಲೇ ಹಿಡಿಕೆ ಬಿಗಿದು, ದುರ್ಬೀನನ್ನು ಕಣ್ಣಿಂದ ದೂರ, ನಳಿಗೆಯ ಮೇಲೆ ಕೂರಿಸುವುದು. ಅಂಥದ್ದೊಂದು ನನ್ನಲ್ಲಿತ್ತು. ಬಿಗಿದುಕೊಟ್ಟೆ. ಅಂಗಡಿಯ ಹಿಂದಿನ ಜಲ್ಲಿ ಗುಂಡಿಗೆ ಹೋದೆವು. ಕಾಗದದ ಊಟದ ತಟ್ಟೆಗಳನ್ನು ಮೊಳೆ ಹೊಡೆದು ಐವತ್ತು ಹೆಜ್ಜೆಗೆ ನಿಲ್ಲಿಸಿದೆ.

ಅರವತ್ತೊಂದು ವರ್ಷ ಬಲಗೈಯಲ್ಲಿ ಬಾಳಿದ ಹೆಂಗಸು ಎಡಹೆಗಲಿಗೆ ಕೋವಿ ಕೊಡುವುದೆಂದರೆ ಎಡಗೈಯಲ್ಲಿ ಸಹಿ ಹಾಕಿದ ಹಾಗೆ. ತಟ್ಟೆಗೆ ತಾಗಿತೇನೋ ನಿಜ. ಆದರೆ ಪ್ರತಿ ಸಲ ದುರ್ಬೀನಿನೊಳಗೆ ತಟ್ಟೆಯನ್ನು ಹುಡುಕಲು ಅವಳಿಗೆ ನಾನು ಐದು ಎಣಿಸುವಷ್ಟು ಹೊತ್ತು ಬೇಕಾಯಿತು. ಬೆನ್ನ ಹಿಂದಿನ ಸೂರ್ಯ ಗಾಜಿನ ಮೇಲೆ ಬಿದ್ದು ಎಲ್ಲ ಬೆಳ್ಳಗಾಯಿತು.

"ನಮ್ಮ ಸೀಡರ್ ಪೊದೆಗಳಲ್ಲಿ ಜಿಂಕೆ ಐದು ಎಣಿಸುವ ತನಕ ನಿಂತಿರುತ್ತಾ?" ಅಂತ ಕೇಳಿದಳು. ಆಮೇಲೆ ಕೋವಿಯನ್ನು ಒಂದೇ ಕೈಯಲ್ಲಿ, ನಡುವಿಗೆ ಹಿಡಿದು ತೂಗಿದಳು. "ಮೂತಿ ಭಾರ ಆಯ್ತು. ಡ್ವೈಟ್ ಇದನ್ನ ಹೀಗೆ ಹಿಡ್ಕೊಂಡು ದಿನವಿಡೀ ನಡೀತಿದ್ದ. ತೆಗಿ ಇದನ್ನ."

ತೆಗೆದೆ. ತೆಗೆಯುವಾಗ ಕೋವಿಯಲ್ಲಿ ತೋಟಾಕ್ಕೆ ಬಡಿಯುವ ಕುದುರೆಯ ಹಿಂದೆ, ಹಿಡಿಯ ಪಟ್ಟಿಯಲ್ಲಿ, ತುಕ್ಕು ಹಿಡಿದ ಪುಟ್ಟ ಸ್ಕ್ರೂ ಕಣ್ಣಿಗೆ ಬಿತ್ತು. ಕಾರ್ಖಾನೆಯವರೇ ಬಿಟ್ಟ ತೂತು ಅದು. ಹಿಂದಿನ ಕಾಲದವರು ಅಲ್ಲಿ ಮಡಚುವ ಕಡ್ಡಿಯೊಂದನ್ನು ಕೂರಿಸುತ್ತಿದ್ದರು. ಕಡ್ಡಿಯ ತಲೆಯಲ್ಲಿ ಬಟ್ಟಲು, ಬಟ್ಟಲಲ್ಲಿ ಕಿಂಡಿ. ಕಿಂಡಿ ಕಣ್ಣಿಗೆ ಹತ್ತಿರ ಇರುವುದರಿಂದ ಅದನ್ನು ನೋಡಬೇಕಾಗಿಯೇ ಇಲ್ಲ. ಅದರ ಮೂಲಕ ನೋಡಿದರೆ ಸಾಕು. ಮಣಿಯನ್ನು ಜಿಂಕೆಯ ಮೇಲಿಟ್ಟರೆ ಮುಗಿಯಿತು. ಹಳೇ ಡಬ್ಬಗಳನ್ನೆಲ್ಲ ಕೆದಕಿ ಅಂಥದ್ದೊಂದು ಹುಡುಕಿ ಕೂರಿಸಿದೆ. ಅವಳು ಒಮ್ಮೆ ಕಣ್ಣಿಟ್ಟು ನೋಡಿ ಕೋವಿ ಇಳಿಸಿದಳು.

"ಏನು, ಹಿಡಿಸಲಿಲ್ವಾ?"

"ಗೋಪುರದಲ್ಲಿ ಹೊಗೆಯ ದಿಕ್ಕು ಅಳೆಯೋ ಚಕ್ರ ಇರುತ್ತಲ್ಲ, ಅದಕ್ಕೂ ಹೀಗೇ. ಈ ಕಡೆ ಕಿಂಡಿ, ಆ ಕಡೆ ನೆಟ್ಟಗೆ ಎಳೆದು ಕಟ್ಟಿದ ಕುದುರೆ ಕೂದಲು. ಇಪ್ಪತ್ತಾರು ವರ್ಷ ನಾನು ಇದರಲ್ಲೇ ಲೋಕ ನೋಡಿದ್ದು ಎಮೆಟ್." ತಟ್ಟೆಯ ಕಡೆ ತಿರುಗಿ ಮೂರು ಗುಂಡು ಹಾರಿಸಿದಳು. ಮೂರೂ ಒಂದು ಅಂಗೈಯೊಳಗೆ ಬಿದ್ದಿದ್ದವು. ಬಟ್ಟಲನ್ನೂ ತಿರುಗಿಸಿ ತೆಗೆದು ಜೇಬಿಗೆ ಹಾಕಿಕೊಂಡಳು. ಅದು ಕೂತಿದ್ದ ಅಗಲ ಬಳೆ ಮಾತ್ರ ಉಳಿಯಿತು. "ಕಾಡಲ್ಲಿ ಇಷ್ಟು ಬೆಳಕು ಬೇಕು."

ನವೆಂಬರ್ ಬಂತು. "ನಾನೂ ಬರ್ಲಾ?" ಅಂತ ಕೇಳಿದೆ.

"ನಿನ್ನ ಮೊಣಕಾಲಿನ ಲಟಲಟ ಕೇಳಿ ಜಿಂಕೆ ಕೆನಡಾ ಸೇರಿಬಿಡುತ್ತೆ," ಅಂದು ಒಬ್ಬಳೇ ಹೋದಳು.

ಮೊದಲ ದಿನ ಬರಿಗೈಯಲ್ಲಿ ಬಂದಳು. ಮೂವತ್ತು ಹೆಜ್ಜೆಯಲ್ಲಿ ಕೊಂಬಿನ ಜಿಂಕೆ ಎದ್ದು ನಿಂತಿತ್ತಂತೆ. ಕೈ ತನ್ನ ಪಾಡಿಗೆ ತಾನು ಕೋವಿಯನ್ನು ಬಲಹೆಗಲಿಗೆ ಏರಿಸಿಬಿಟ್ಟಿತ್ತು. ನೋಡುತ್ತಾಳೆ: ಮರಗಳಿವೆ, ಹಿಮ ಇದೆ, ಜಿಂಕೆಯೇ ಇಲ್ಲ. ಕಣ್ಣಿನ ತೂತಿನೊಳಗೆ ಬಿದ್ದುಹೋಗಿತ್ತು. ಕೋವಿ ಇಳಿಸುವಷ್ಟರಲ್ಲಿ ಅದರ ಬಾಲದ ಬಿಳುಪು ಮಾತ್ರ ಕಂಡಿತು.

"ಹೊಡೆಯೋಕೆ ಆಗ್ಲಿಲ್ಲ ಅಂತಲ್ಲ," ಅಂದಳು. "ಎದುರಿಗೇ ಇರೋದು ಇಲ್ಲ ಅನ್ನಿಸಿಬಿಟ್ಟಿತಲ್ಲ, ಅದಕ್ಕೆ ಹೆದರಿಕೆ ಆಯ್ತು."

ಮಾರನೇ ದಿನದಿಂದ ಕನ್ನಡಕದ ಬಲಗಾಜಿಗೆ ಬ್ಯಾಂಡೇಜು ಪಟ್ಟಿ ಅಂಟಿಸಿಕೊಂಡು ಹೋದಳು. ದಿನಸಿ ಅಂಗಡಿಯಲ್ಲಿ ಯಾರೋ "ಕಡಲುಗಳ್ಳಿ ಬಂದ್ಲು" ಅಂದರಂತೆ. ಎಂಟು ದಿನ ಏನೂ ಸಿಗಲಿಲ್ಲ. ಒಂಬತ್ತನೇ ದಿನ ಮಧ್ಯಾಹ್ನ ಅವಳ ಪಿಕಪ್ಪು ನನ್ನ ಬಾಗಿಲಲ್ಲಿ ನಿಂತಿತು. ಹಿಂದಿನ ತೊಟ್ಟಿಯಲ್ಲಿ ಒಂದು ಕೊಬ್ಬಿದ ಹೆಣ್ಣು ಜಿಂಕೆ. ನಲವತ್ತು ಹೆಜ್ಜೆ, ಒಂದೇ ಗುಂಡು. ಮೂರು ತಾಸು ಒಬ್ಬಳೇ ಎಳೆದುಕೊಂಡು ಬಂದಿದ್ದಳು. ಕೈಗವಸಿನ ಬೆರಳುಗಳು ಹರಿದಿದ್ದವು.

ಕಾಫಿ ಕೊಟ್ಟೆ. ಲೋಟ ಎರಡೂ ಕೈಯಲ್ಲಿ ಹಿಡಿದು, ನೆಲ ನೋಡುತ್ತ ಹೇಳಿದಳು:

"ಜಿಂಕೆ ಬಿದ್ದ ಮೇಲೆ ಒಂದು ಕೆಲಸ ಮಾಡ್ದೆ. 'ಬಾಲ್ಡಿ, ಬಾಲ್ಡಿ, ಕೇಳಿಸ್ತಿದ್ಯಾ?' ಅಂತ ಜೋರಾಗಿ ಕೂಗಿಬಿಟ್ಟೆ. ಕೈಯಲ್ಲಿ ರೇಡಿಯೋ ಬೇರೆ ಇಲ್ಲ."

ನಾನು ಒಲೆಗೆ ಇನ್ನೊಂದು ಕೊರಡು ಹಾಕಿದೆ.

"ಗೋಪುರದಲ್ಲಿ ನಾನು ಒಂಟಿ ಅಂತ ಎಲ್ಲರೂ ಅಯ್ಯೋ ಅನ್ನೋರು," ಅಂದಳು. "ಒಂಟಿ ಅಂದ್ರೆ ಏನು ಅಂತ ನಂಗೆ ಗೊತ್ತಾಗಿದ್ದು ಕೆಳಗೆ ಇಳಿದ ಮೇಲೆ."

ಮಾಂಸದ ಅರ್ಧ ನನಗೇ ಬಿಟ್ಟು ಹೋದಳು. ಆ ಚಳಿಗಾಲ ಆರೇಳು ಸಲ ಬಂದಿರಬೇಕು, ಪ್ರತಿ ಸಲವೂ ಯಾವುದೋ ಸಡಿಲ ಸ್ಕ್ರೂವಿನ ನೆಪ. ಸ್ಕ್ರೂ ಒಮ್ಮೆಯೂ ಸಡಿಲ ಇರಲಿಲ್ಲ. ನಾನೂ ಬಿಗಿದಂತೆ ಮಾಡಿ ಕಾಫಿ ಇಡುತ್ತಿದ್ದೆ.

ಮುಂದಿನ ಶರತ್ಕಾಲದಲ್ಲಿ ಅವಳೇ ಕೇಳಿದಳು: "ಗಾಡಿಯಲ್ಲಿ ಕೂತಿರ್ತೀಯಾ? ನಡೀಬೇಡ. ಮಾತಾಡಬೇಡ. ಸುಮ್ನೆ ಇರು."

ಹೋದೆ. ಕಾಡಿನ ರಸ್ತೆಯ ಕೊನೆಯಲ್ಲಿ ಗಾಡಿ ನಿಲ್ಲಿಸಿ, ಕೋವಿಯನ್ನು ನಡುವಿಗೆ ಹಿಡಿದು ಸೀಡರ್ ಮರಗಳ ನಡುವೆ ಇಳಿದುಹೋದಳು. ಗಾಜು ಇಳಿಸಿ ಕಿವಿಗೊಟ್ಟು ಕೂತೆ. ಹತ್ತು ಗಂಟೆಗೆ ಹಿಮ ಬೀಳಲು ಶುರುವಾಯಿತು. ಹನ್ನೊಂದಕ್ಕೆ ಒಂದು ಗುಂಡಿನ ಸದ್ದು ಕೇಳಿತು, ದೂರದಿಂದ, ಮತ್ತೊಂದು ಕೇಳಲಿಲ್ಲ. ಬಾಗಿಲು ತೆರೆದು, ಮೊಣಕಾಲು ಹಿಡಿದುಕೊಂಡು ಕೆಳಗಿಳಿದೆ. ಜಿಂಕೆ ಎಳೆಯುವ ಹಗ್ಗ ಹೆಗಲಿಗೆ ಹಾಕಿಕೊಂಡು, ನಡೀಬೇಡ ಅಂದಿದ್ದನ್ನು ಮೀರಿ, ಅವಳ ಹೆಜ್ಜೆ ಹಿಡಿದು ಹೊರಟೆ.